ಗೇರ್‌ಬಾಕ್ಸ್ ಬಿಚ್ಚದ ಎಂಜಿನಿಯರ್‌ಗಳು

ಮೆಕ್ಯಾನಿಕಲ್ ಎಂಜಿನಿಯರಿಂಗ್ ಸೇರಿದ ಹುಡುಗರಿಗೆ ಊರಿಗೆ ಹೋದಾಗಲೆಲ್ಲ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ: ‘ಓದಿ ಏನ್ ಮಾಡ್ತೀಯಪ್ಪ, ಗ್ಯಾರೇಜ್ ಇಡ್ತೀಯಾ?’ ಕೇಳಿದವರು ನಗುತ್ತಾರೆ. ನಾವೂ ನಕ್ಕು ಸುಮ್ಮನಾಗುತ್ತೇವೆ. ಆ ನಗುವಿನಲ್ಲಿ ಎರಡು ಮಾತು ಅಡಗಿವೆ. ಒಂದು, ಗ್ಯಾರೇಜ್ ಇಡುವುದು ಓದಿದವನಿಗೆ ತಕ್ಕ ಕೆಲಸವಲ್ಲ. ಎರಡು, ಗ್ಯಾರೇಜ್ ಕೆಲಸಕ್ಕೆ ಓದಿನ ಅಗತ್ಯವೇ ಇಲ್ಲ. ಎರಡೂ ಸುಳ್ಳು ಎಂಬುದು ನನ್ನ ವಾದ. ಕಳೆದ ರಜೆಯಲ್ಲಿ ಹಳೆಯ ಪಿಕಪ್ ಒಂದರ ಗೇರ್‌ಬಾಕ್ಸ್ ಬಿಚ್ಚಿ, ಸರಿಮಾಡಿ, ಮತ್ತೆ ಜೋಡಿಸುವ ಕೆಲಸದಲ್ಲಿ ಒಂಬತ್ತು ದಿನ ಕೈಜೋಡಿಸಿದ ಮೇಲೆ ಈ ವಾದ ಇನ್ನಷ್ಟು ಗಟ್ಟಿಯಾಗಿದೆ.

ನಾನು ಈಗ ಐದನೇ ಸೆಮಿಸ್ಟರ್. ಗೇರ್ ಟ್ರೈನ್ ಲೆಕ್ಕಗಳನ್ನು ನಿದ್ದೆಗಣ್ಣಿನಲ್ಲೂ ಬಿಡಿಸುತ್ತೇನೆ. ನಮ್ಮ ಲ್ಯಾಬ್‌ನಲ್ಲಿ ಒಂದು ಗೇರ್‌ಬಾಕ್ಸ್ ಕೂಡ ಇದೆ. ಅದನ್ನು ಅರ್ಧಕ್ಕೆ ಕತ್ತರಿಸಿ, ಒಳಗೆ ಕೆಂಪು–ಹಳದಿ ಬಣ್ಣ ಬಳಿದು, ಸ್ಟ್ಯಾಂಡ್ ಮೇಲೆ ಕೂರಿಸಿದ್ದಾರೆ. ಅದರ ಮುಂದೆ ನಿಂತು ಎಲ್ಲರೂ ಚಿತ್ರ ಬರೆದಿದ್ದೇವೆ, ರೆಕಾರ್ಡ್‌ಗೆ ಸಹಿ ಹಾಕಿಸಿಕೊಂಡಿದ್ದೇವೆ. ಬಿಚ್ಚಿದವರು ಮಾತ್ರ ಯಾರೂ ಇಲ್ಲ. ಬಿಚ್ಚಲು ಬರುವಂತೆಯೂ ಇಲ್ಲ, ಬಣ್ಣ ಮತ್ತು ತುಕ್ಕು ಸೇರಿ ಒಂದಕ್ಕೊಂದು ಅಂಟಿಕೊಂಡಿವೆ. ಬೇರೆ ಕಾಲೇಜುಗಳಲ್ಲಿ ಓದುತ್ತಿರುವ ಗೆಳೆಯರನ್ನು ವಿಚಾರಿಸಿದೆ. ಅವರ ಕಥೆಯೂ ಹೆಚ್ಚು ಬೇರೆಯಾಗಿರಲಿಲ್ಲ.

ಟೊಮೆಟೊ ಗಾಡಿಯ ಕಾಯಿಲೆ

ನಾನು ಹೇಳುತ್ತಿರುವ ಪಿಕಪ್ ನನ್ನ ಚಿಕ್ಕಪ್ಪನದು. ವಯಸ್ಸು 13. ಕೋಲಾರ ಎಪಿಎಂಸಿ ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಸುತ್ತಲಿನ ಹಳ್ಳಿಗಳಿಂದ 15 ಕೆ.ಜಿ. ಕ್ರೇಟ್‌ಗಳಲ್ಲಿ ಹಣ್ಣು ಬಂದು ಬೀಳುವುದು ಬಹುಪಾಲು ಇಂಥ ಪಿಕಪ್‌ಗಳಲ್ಲೇ. ಸುಗ್ಗಿಯಲ್ಲಿ ಗಾಡಿ ಒಂದು ದಿನ ನಿಂತರೆ ಆ ದಿನದ ಬಾಡಿಗೆ ಹೋಗುವುದಷ್ಟೇ ಅಲ್ಲ, ಕಾಯಂ ಬಾಡಿಗೆ ಕೊಡುವ ರೈತ ಬೇರೆ ಗಾಡಿ ಹುಡುಕಿಕೊಳ್ಳುತ್ತಾನೆ.

ಈ ಗಾಡಿಗೆ ಮೂರು ಕಾಯಿಲೆ ಇದ್ದವು. ಮೂರರಿಂದ ಎರಡನೇ ಗೇರ್‌ಗೆ ಇಳಿಸುವಾಗ ‘ಕರ್‌ರ್’ ಎಂದು ಹಲ್ಲು ಕಡಿಯುತ್ತಿತ್ತು. ಮೂರನೇ ಗೇರ್ ತಾನಾಗಿಯೇ ಜಾರಿ ನ್ಯೂಟ್ರಲ್‌ಗೆ ಬರುತ್ತಿತ್ತು. ಇದರ ಜೊತೆಗೆ ಒಂದು ಗುಂಯ್‌ಗುಟ್ಟುವ ಸದ್ದು. ಚಿಕ್ಕಪ್ಪ ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದು ಕೈಯಲ್ಲಿ ಗೇರ್ ಲಿವರ್ ಒತ್ತಿ ಹಿಡಿದು ತಿಂಗಳುಗಟ್ಟಲೆ ಓಡಿಸಿದ್ದರು. ಲೋಡ್ ತುಂಬಿದ ಗಾಡಿ ಇಳಿಜಾರಿನಲ್ಲಿರುವಾಗ ಗೇರ್ ಜಾರಿದರೆ ಎಂಜಿನ್‌ನ ಹಿಡಿತ ಪೂರ್ತಿ ತಪ್ಪುತ್ತದೆ, ಎಲ್ಲ ಭಾರ ಬ್ರೇಕ್ ಮೇಲೆ ಬೀಳುತ್ತದೆ. ಇದು ರಿಪೇರಿ ಖರ್ಚಿಗಿಂತ ದೊಡ್ಡ ವಿಷಯ.

ಅವರ ಮುಂದೆ ಮೂರು ದಾರಿ ಇದ್ದವು. ಹೊಸ ಗೇರ್‌ಬಾಕ್ಸ್ ಅಸೆಂಬ್ಲಿ ತರುವುದು. ಅದಕ್ಕೆ ಹೇಳಿದ ಬೆಲೆ ಕೇಳಿದರೆ ಗಾಡಿಯನ್ನೇ ಮಾರಬೇಕು ಅನ್ನಿಸುವಂತಿತ್ತು. ಗುಜರಿಯಿಂದ ಹಳೆಯದೊಂದನ್ನು ತಂದು ಕೂರಿಸುವುದು. ಆದರೆ ಅದರ ಹೊಟ್ಟೆಯೊಳಗೆ ಏನಿದೆ ಎಂದು ಕೊಡುವವನಿಗೂ ಗೊತ್ತಿರುವುದಿಲ್ಲ. ಮೂರನೆಯದು, ಇರುವುದನ್ನೇ ಬಿಚ್ಚಿ, ಸವೆದದ್ದನ್ನು ಮಾತ್ರ ಬದಲಿಸುವುದು. ನಮ್ಮೂರ ರಸ್ತೆಯ ಪಕ್ಕದ ಗ್ಯಾರೇಜ್‌ನ ಮೇಸ್ತ್ರಿ ಮೂರನೆಯದಕ್ಕೆ ಒಪ್ಪಿದರು. ಅವರು ಓದಿದ್ದು ಏಳನೇ ಕ್ಲಾಸ್.

ಸ್ಪ್ಯಾನರ್‌ಗಿಂತ ಮೊದಲು ಕಿವಿ

ಮೇಸ್ತ್ರಿ ಮೊದಲ ದಿನ ಒಂದು ಬೋಲ್ಟ್ ಕೂಡ ಬಿಚ್ಚಲಿಲ್ಲ. ಗಾಡಿ ಹತ್ತಿ ಎಂಜಿನ್ ಚಾಲೂ ಮಾಡಿ, ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಕೇಳಿಸಿಕೊಂಡರು. ಸದ್ದು ಇತ್ತು. ಕ್ಲಚ್ ಒತ್ತಿದರು. ಸದ್ದು ನಿಂತಿತು. ಆಮೇಲೆ ರಸ್ತೆಗೆ ಒಯ್ದು ಒಂದೊಂದೇ ಗೇರ್‌ನಲ್ಲಿ ಓಡಿಸಿದರು. ಒಂದು, ಎರಡು, ಮೂರರಲ್ಲಿ ಜೋರಾಗಿದ್ದ ಸದ್ದು ನಾಲ್ಕನೇ ಗೇರ್‌ನಲ್ಲಿ ಕಡಿಮೆಯಾಯಿತು. ವಾಪಸ್ ಬಂದು ‘ಕೆಳಗಿನ ಶಾಫ್ಟ್ ಬೇರಿಂಗು’ ಎಂದರು.

ಅವರ ತೀರ್ಮಾನ ಅಂದಾಜಿನದಲ್ಲ. ನಮ್ಮ ಪುಸ್ತಕದಲ್ಲಿರುವ ವಿಷಯವೇ ಅದು. ನ್ಯೂಟ್ರಲ್‌ನಲ್ಲಿ ಕ್ಲಚ್ ಒತ್ತದಿದ್ದಾಗ ಇನ್‌ಪುಟ್ ಶಾಫ್ಟ್ ಮತ್ತು ಅದು ತಿರುಗಿಸುವ ಕೌಂಟರ್ ಶಾಫ್ಟ್ ಸುತ್ತುತ್ತಲೇ ಇರುತ್ತವೆ. ಕ್ಲಚ್ ಒತ್ತಿದಾಗ ಎಂಜಿನ್ ಜೊತೆಗಿನ ಸಂಪರ್ಕ ಕಡಿದು ಅವು ನಿಲ್ಲುತ್ತವೆ. ಅಂದರೆ ಸದ್ದು ಈ ಎರಡು ಶಾಫ್ಟ್‌ಗಳ ಆಸುಪಾಸಿನದು. ಇದಕ್ಕೆ ಬದಲಾಗಿ ಕ್ಲಚ್ ಒತ್ತಿದಾಗ ಸದ್ದು ಶುರುವಾಗಿದ್ದರೆ ಕ್ಲಚ್ ರಿಲೀಸ್ ಬೇರಿಂಗ್ ಮೇಲೆ ಅನುಮಾನ ಪಡಬೇಕಿತ್ತು. ಇನ್ನು ಇಂಥ ಐದು ಗೇರ್‌ನ ಪಿಕಪ್‌ಗಳಲ್ಲಿ ನಾಲ್ಕನೆಯದು ಸಾಮಾನ್ಯವಾಗಿ ನೇರ ಗೇರ್. ಶಕ್ತಿ ಇನ್‌ಪುಟ್‌ನಿಂದ ನೇರವಾಗಿ ಮೇನ್ ಶಾಫ್ಟ್‌ಗೆ ಹೋಗುತ್ತದೆ. ಕೌಂಟರ್ ಶಾಫ್ಟ್ ಸುತ್ತುತ್ತಿದ್ದರೂ ಅದರ ಮೇಲೆ ಭಾರ ಇರುವುದಿಲ್ಲ. ನಾಲ್ಕರಲ್ಲಿ ಸದ್ದು ಇಳಿಯಿತು ಎಂದರೆ ತಪ್ಪಿತಸ್ಥ ಯಾರೆಂದು ಇನ್ನೇನು ಹೇಳಬೇಕು?

ಈ ಚಿತ್ರವನ್ನು ನಾನು ಮೂರು ಸಲ ಪರೀಕ್ಷೆಯಲ್ಲಿ ಬರೆದಿದ್ದೇನೆ. ಶಕ್ತಿ ಹರಿಯುವ ದಾರಿಗೆ ಬಾಣದ ಗುರುತು ಹಾಕಿ ಅಂಕ ಗಿಟ್ಟಿಸಿದ್ದೇನೆ. ಆ ಬಾಣವನ್ನು ಕಿವಿಯಿಂದ ಹಿಂಬಾಲಿಸಬಹುದು ಎಂದು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ಬಿಚ್ಚಿದಾಗ ಕಂಡದ್ದು

ಎರಡನೇ ದಿನ ಆಯಿಲ್ ಇಳಿಸಿದೆವು. ಡ್ರೇನ್ ಪ್ಲಗ್‌ನ ತುದಿಯಲ್ಲಿ ಒಂದು ಚಿಕ್ಕ ಅಯಸ್ಕಾಂತ ಇರುತ್ತದೆ. ಅದಕ್ಕೆ ಅಂಟಿದ್ದು ಬೂದು ಬಣ್ಣದ ನುಣ್ಣನೆಯ ಲೇಪದಂತಿದ್ದರೆ ಅದು ಸಹಜ ಸವೆತ. ಚೂರುಗಳು ಸಿಕ್ಕರೆ ಎಲ್ಲೋ ಮುರಿದಿದೆ ಎಂದರ್ಥ. ನಮಗೆ ಎರಡೂ ಸಿಕ್ಕವು. ಪ್ರೊಪೆಲ್ಲರ್ ಶಾಫ್ಟ್, ಲಿವರ್, ಕ್ಲಚ್ ಭಾಗಗಳನ್ನು ತೆಗೆದು, ಜಾಕ್ ಮೇಲೆ ಗೇರ್‌ಬಾಕ್ಸ್ ಇಳಿಸಿ, ಡೀಸೆಲ್‌ನಲ್ಲಿ ತೊಳೆದೆವು. ಮೇಸ್ತ್ರಿ ನೆಲದ ಮೇಲೆ ಹಳೆ ಪೇಪರ್ ಹಾಸಿ, ಪ್ರತಿ ಭಾಗವನ್ನೂ ತೆಗೆದ ಕ್ರಮದಲ್ಲಿ, ತೆಗೆದ ದಿಕ್ಕಿನಲ್ಲೇ ಸಾಲಾಗಿ ಇಡಿಸಿದರು. ಸ್ಲೀವ್ ಮತ್ತು ಹಬ್ ಮೇಲೆ ಗುರುತು ಹಾಕಿಸಿದರು. ಅವು ಜೊತೆಯಾಗಿ ಸವೆದಿರುತ್ತವೆ, ಜೊತೆಯಾಗಿಯೇ ವಾಪಸ್ ಕೂರಬೇಕು.

ಎರಡನೇ ಗೇರ್ ಏಕೆ ಕಡಿಯುತ್ತಿತ್ತು ಎಂಬುದಕ್ಕೆ ಉತ್ತರ ಹಿತ್ತಾಳೆಯ ಒಂದು ಉಂಗುರದಲ್ಲಿತ್ತು. ಇದನ್ನು ಸಿಂಕ್ರೊ ರಿಂಗ್ ಎನ್ನುತ್ತಾರೆ. ಇಂದಿನ ಗೇರ್‌ಬಾಕ್ಸ್‌ನಲ್ಲಿ ಮುಂದಿನ ಗೇರ್‌ಗಳ ಹಲ್ಲುಗಳು ಸದಾ ಒಂದಕ್ಕೊಂದು ಕೂಡಿಕೊಂಡೇ ಇರುತ್ತವೆ. ನಾವು ಲಿವರ್ ಎಳೆದಾಗ ಆಗುವುದು ಇಷ್ಟೆ: ಸ್ಲೀವ್ ಎಂಬ ಬಳೆ ಜರುಗಿ, ಬೇಕಾದ ಗೇರನ್ನು ಶಾಫ್ಟ್‌ಗೆ ಬಂಧಿಸುತ್ತದೆ. ಆದರೆ ಶಾಫ್ಟ್ ಒಂದು ವೇಗದಲ್ಲಿ, ಗೇರ್ ಇನ್ನೊಂದು ವೇಗದಲ್ಲಿ ತಿರುಗುತ್ತಿರುತ್ತವೆ. ಸಿಂಕ್ರೊ ರಿಂಗ್ ಗೇರ್‌ನ ಶಂಕುವಿನಾಕಾರದ ಭಾಗಕ್ಕೆ ಒತ್ತಿಕೊಂಡು, ಘರ್ಷಣೆಯಿಂದ ಎರಡರ ವೇಗವನ್ನೂ ಸಮ ಮಾಡುತ್ತದೆ. ಆಮೇಲೆ ಸ್ಲೀವ್ ಸದ್ದಿಲ್ಲದೆ ಒಳಗೆ ಹೋಗುತ್ತದೆ. ಕಾರುಗಳಿಗೆ ಈ ವ್ಯವಸ್ಥೆ ಬಂದದ್ದು 1928ರಲ್ಲಿ, ಅಮೆರಿಕದ ಕ್ಯಾಡಿಲ್ಯಾಕ್‌ನಲ್ಲಿ. ಅದಕ್ಕೂ ಮೊದಲು ಚಾಲಕನೇ ಎರಡು ಸಲ ಕ್ಲಚ್ ಒತ್ತಿ ವೇಗ ಹೊಂದಿಸಬೇಕಿತ್ತು. ನಮ್ಮ ಹಳೇ ಲಾರಿ ಡ್ರೈವರ್‌ಗಳು ‘ಡಬಲ್ ಕ್ಲಚ್’ ಎಂದು ಹೇಳುವುದು ಇದನ್ನೇ.

ಉಂಗುರ ಸವೆದಂತೆಲ್ಲ ಅದು ಶಂಕುವಿನ ಮೇಲೆ ಇನ್ನಷ್ಟು ಒಳಗೆ ಕೂರುತ್ತದೆ. ಉಂಗುರಕ್ಕೂ ಗೇರ್‌ಗೂ ನಡುವಿನ ಸಂದು ಕಿರಿದಾಗುತ್ತದೆ. ಮೇಸ್ತ್ರಿ ಉಂಗುರವನ್ನು ಕೈಯಲ್ಲಿ ಒತ್ತಿ ತಿರುಗಿಸಿ ನೋಡಿದರು. ಹಿಡಿಯದೆ ಜಾರಿತು. ‘ಮುಗೀತು ಇದರ ಕಥೆ’ ಎಂದು ಪಕ್ಕಕ್ಕಿಟ್ಟರು. ನಾನು ಕಾಲೇಜಿನ ಕಿಟ್‌ನಲ್ಲಿದ್ದ ಫೀಲರ್ ಗೇಜ್ ತೆಗೆದು ಅಳೆದೆ. ಹಳೆಯ ಉಂಗುರದಲ್ಲಿ ಸಂದು 0.3 ಮಿ.ಮೀ., ಹೊಸದನ್ನು ತಂದು ಕೂರಿಸಿದಾಗ 1.1 ಮಿ.ಮೀ. ಅವರ ಕೈ ಮತ್ತು ನನ್ನ ಗೇಜ್ ಒಂದೇ ಮಾತು ಹೇಳಿದವು.

ಮೂರನೇ ಗೇರ್ ಜಾರಲು ಕಾರಣ ಅದನ್ನು ಸ್ಲೀವ್ ಜೊತೆ ಬಂಧಿಸುವ ಚಿಕ್ಕ ಹಲ್ಲುಗಳು ದುಂಡಗಾಗಿದ್ದದ್ದು. ಜೊತೆಗೆ ಸ್ಲೀವನ್ನು ಜರುಗಿಸುವ ಫೋರ್ಕ್ ಕೂಡ ಒಂದು ಬದಿ ಸವೆದಿತ್ತು. ಮೇಸ್ತ್ರಿ ಅದನ್ನು ಎತ್ತಿ ಹಿಡಿದು ಚಿಕ್ಕಪ್ಪನನ್ನು ಕೇಳಿದರು: ‘ಗಾಡಿ ಓಡಿಸುವಾಗ ಕೈ ಲಿವರ್ ಮೇಲೇ ಇಡ್ತೀರಾ?’ ಹೌದು, ಅದು ಅವರ ಬಹಳ ವರ್ಷಗಳ ಅಭ್ಯಾಸ. ಅಂಗೈಯ ಆ ಸಣ್ಣ ಭಾರವೇ ಫೋರ್ಕನ್ನು ತಿರುಗುವ ಸ್ಲೀವ್‌ಗೆ ಸದಾ ಒತ್ತಿ ಹಿಡಿದಿರುತ್ತದೆ. ಕಿಲೋಮೀಟರ್‌ಗಟ್ಟಲೆ ಹೀಗೆ ಉಜ್ಜಿದರೆ ಉಕ್ಕು ಕೂಡ ಸವೆಯುತ್ತದೆ. ಗಾಡಿ ಓಡಿಸುವ ಓದುಗರು ಇದೊಂದನ್ನಾದರೂ ನೆನಪಿಟ್ಟುಕೊಳ್ಳಿ: ಗೇರ್ ಹಾಕಿದ ಮೇಲೆ ಕೈ ಸ್ಟೇರಿಂಗ್‌ಗೆ ಹೋಗಲಿ.

ಇನ್ನೊಂದು ಪಾಠ ಆಯಿಲ್‌ನದು. ಇಳಿಸಿದ ಆಯಿಲ್ ಮೂಸಿ ನೋಡಿದ ಮೇಸ್ತ್ರಿ, ‘ಇದು ಹೌಸಿಂಗ್ ಆಯಿಲ್’ ಎಂದರು. ಹಿಂದಿನ ಆಕ್ಸಲ್‌ನ ಡಿಫರೆನ್ಷಿಯಲ್‌ಗೆ ಹಾಕುವ ಆಯಿಲನ್ನು ಹಿಂದೆಂದೋ ಯಾರೋ ಗೇರ್‌ಬಾಕ್ಸ್‌ಗೂ ಸುರಿದಿದ್ದರು. ಎರಡು ಡಬ್ಬಗಳ ಮೇಲೂ 80ಡಬ್ಲ್ಯು–90 ಎಂದೇ ಬರೆದಿರಬಹುದು. ಆದರೆ ಒಂದು ಜಿಎಲ್–4, ಇನ್ನೊಂದು ಜಿಎಲ್–5. ಜಿಎಲ್–5ರಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳು ಹೆಚ್ಚು. ಡಿಫರೆನ್ಷಿಯಲ್‌ನ ಜಾರುತ್ತಾ ಕೂಡುವ ಹಲ್ಲುಗಳಿಗೆ ಅದು ಬೇಕೇ ಬೇಕು. ಹಿತ್ತಾಳೆಯ ಸಿಂಕ್ರೊ ರಿಂಗ್‌ಗೆ ಮಾತ್ರ ಅದು ಒಗ್ಗದಿರಬಹುದು. ಜಾರಿಕೆ ಹೆಚ್ಚಿ ಉಂಗುರ ಹಿಡಿಯದೆ ಹೋಗಬಹುದು. ತಯಾರಕರು ಯಾವುದನ್ನು ಹೇಳಿದ್ದಾರೋ ಅದನ್ನೇ ಹಾಕಬೇಕು. ರಸಾಯನಶಾಸ್ತ್ರ ಮೊದಲ ವರ್ಷಕ್ಕೆ ಮುಗಿಯಿತು ಎಂದು ನಿಟ್ಟುಸಿರು ಬಿಡುವ ನಮ್ಮಂಥ ಮೆಕ್ಯಾನಿಕಲ್ ಹುಡುಗರು ಇದನ್ನು ಗಮನಿಸಬೇಕು.

ಲೆಕ್ಕ ಮತ್ತು ಕೈ

ಬಿಡಿಭಾಗಗಳಿಗಾಗಿ ನಾನು ಬೆಂಗಳೂರಿನ ಜೆ.ಸಿ. ರಸ್ತೆಗೆ ಎರಡು ಸಲ ಹೋಗಿ ಬಂದೆ. ಒಂದೇ ಹೆಸರಿನ ಗಾಡಿಯಲ್ಲಿ ವರ್ಷದಿಂದ ವರ್ಷಕ್ಕೆ ಭಾಗಗಳು ಬದಲಾಗಿರುತ್ತವೆ. ಅದಕ್ಕೇ ಮೇಸ್ತ್ರಿ ಹಳೆಯ ಗೇರ್, ಹಳೆಯ ಉಂಗುರವನ್ನು ಚೀಲದಲ್ಲಿ ಹಾಕಿ ಕಳಿಸಿದ್ದರು. ಅಂಗಡಿಯವರು ಹಲ್ಲು ಎಣಿಸಿ, ಪಕ್ಕಪಕ್ಕ ಇಟ್ಟು ನೋಡಿ ಕೊಟ್ಟರು. ಮೂರನೇ ಗೇರ್ ಮಾತ್ರ ಹೊಸದು ಹಾಕಿ, ಅದರ ಜೋಡಿ ಗೇರ್ ಇರುವ ಕೌಂಟರ್ ಶಾಫ್ಟ್ ಹಳೆಯದೇ ಉಳಿಸಿದರೆ ಸ್ವಲ್ಪ ಸದ್ದು ಇರುತ್ತದೆ ಎಂದು ಮೇಸ್ತ್ರಿ ಮೊದಲೇ ಎಚ್ಚರಿಸಿದ್ದರು. ಎರಡನ್ನೂ ಬದಲಿಸಿದರೆ ಖರ್ಚು ದುಪ್ಪಟ್ಟು. ಹಲ್ಲುಗಳಲ್ಲಿ ಗುಳಿ ಬಿದ್ದಿಲ್ಲ, ಚಕ್ಕೆ ಎದ್ದಿಲ್ಲ ಎಂದು ನೋಡಿಕೊಂಡು ಹಳೆಯದನ್ನೇ ಉಳಿಸಿದೆವು. ಸುರಕ್ಷತೆಗೆ ಧಕ್ಕೆ ಇಲ್ಲ, ಸದ್ದು ಸಹಿಸಬಹುದು, ಜೇಬು ಉಳಿಯುತ್ತದೆ. ಎಂಜಿನಿಯರಿಂಗ್ ಎಂದರೆ ಇಂಥ ತೀರ್ಮಾನಗಳೇ ಅಲ್ಲವೇ?

ಜೋಡಣೆಯ ದಿನ ನನಗೆ ಅತ್ಯಂತ ಇಷ್ಟವಾದದ್ದು ಕೊನೆಯ ಪರೀಕ್ಷೆ. ಗೇರ್‌ಬಾಕ್ಸನ್ನು ಗಾಡಿಗೆ ಏರಿಸುವ ಮೊದಲು ಮೇಸ್ತ್ರಿ ಎರಡೂ ಶಾಫ್ಟ್‌ಗಳಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಒಂದೊಂದೇ ಗೇರ್ ಹಾಕಿ, ಇನ್‌ಪುಟ್ ಶಾಫ್ಟನ್ನು ಕೈಯಿಂದ ತಿರುಗಿಸಿದರು. ಒಂದನೇ ಗೇರ್‌ನಲ್ಲಿ ಅದು ನಾಲ್ಕು ಸುತ್ತಿಗಿಂತ ತುಸು ಹೆಚ್ಚು ಸುತ್ತಿದಾಗ ಹಿಂದಿನ ಶಾಫ್ಟ್ ಒಂದು ಸುತ್ತು ಬಂತು. ನಾಲ್ಕರಲ್ಲಿ ಒಂದಕ್ಕೆ ಒಂದು. ರಿವರ್ಸ್‌ನಲ್ಲಿ ಉಲ್ಟಾ. ನಾನು ಹಲ್ಲುಗಳನ್ನು ಮೊದಲೇ ಎಣಿಸಿಟ್ಟಿದ್ದೆ: 21ಕ್ಕೆ 36, 17ಕ್ಕೆ 40. ಗುಣಿಸಿ ಭಾಗಿಸಿದರೆ 4.03. ಪರೀಕ್ಷೆಯ ಹಾಳೆಯ ಮೇಲೆ ಎಷ್ಟೋ ಸಲ ಬರೆದ ಉತ್ತರ ಅಂಗೈಯಲ್ಲಿ ತಿರುಗುವುದನ್ನು ಅಂದು ಮೊದಲ ಸಲ ಕಂಡೆ. ಒಂದೇ ಸಲಕ್ಕೆ ಎರಡು ಗೇರ್ ಬೀಳದಂತೆ ತಡೆಯುವ ಇಂಟರ್‌ಲಾಕ್ ಪಿನ್ ಸರಿಯಾಗಿ ಕೂತಿದೆಯೇ ಎಂಬುದೂ ಈ ಪರೀಕ್ಷೆಯಲ್ಲೇ ಗೊತ್ತಾಗುತ್ತದೆ. ಅದು ತಪ್ಪಿದ್ದರೆ ಎರಡು ಗೇರ್ ಒಟ್ಟಿಗೆ ಸಿಕ್ಕಿಕೊಂಡು ಶಾಫ್ಟ್‌ಗಳು ಅಲ್ಲಾಡದೆ ನಿಲ್ಲುತ್ತವೆ.

ಇಷ್ಟು ಹೇಳಿದ ಮೇಲೆ ಗ್ಯಾರೇಜ್ ಎಂದರೆ ಜ್ಞಾನದೇಗುಲ ಎಂದು ಹೊಗಳಿ ಮುಗಿಸುವುದು ಸುಲಭ. ಅದು ಪ್ರಾಮಾಣಿಕವಾಗುವುದಿಲ್ಲ. ಆ ಗ್ಯಾರೇಜ್‌ನಲ್ಲಿ ಟಾರ್ಕ್ ರೆಂಚ್ ಇರಲಿಲ್ಲ. ಅಲ್ಯೂಮಿನಿಯಂ ಕವಚದ ಬೋಲ್ಟ್‌ಗಳನ್ನು ಕೈಯ ಅಂದಾಜಿನಲ್ಲೇ ಬಿಗಿಯುತ್ತಾರೆ; ನಮ್ಮ ಗಾಡಿಯಲ್ಲೇ ಹಿಂದಿನ ಯಾವುದೋ ರಿಪೇರಿಯಲ್ಲಿ ಅತಿಯಾಗಿ ಬಿಗಿದು ಎರಡು ಕಡೆ ಥ್ರೆಡ್ ಕಿತ್ತುಹೋಗಿತ್ತು. ಶಾಫ್ಟ್‌ನ ಅಡ್ಡಾಟ ಎಷ್ಟಿದೆ ಎಂದು ಡಯಲ್ ಗೇಜ್ ಇಟ್ಟು ನೋಡುವ ಬದಲು ಅಲ್ಲಾಡಿಸಿ ನೋಡುತ್ತಾರೆ. ಗ್ರೈಂಡರ್ ಹಿಡಿದ ಹುಡುಗನ ಕಣ್ಣಿಗೆ ಕನ್ನಡಕ ಇರಲಿಲ್ಲ. ಆ ಹುಡುಗ ನನ್ನದೇ ವಯಸ್ಸಿನವನು, ಪಿಯುಸಿ ಅರ್ಧಕ್ಕೆ ಬಿಟ್ಟವನು. ನಾಲ್ಕು ವರ್ಷದಿಂದ ಅಲ್ಲೇ ಇದ್ದಾನೆ. ‘ಬಿಗಿ ಎಷ್ಟು ಇರಬೇಕು?’ ಎಂದು ಅವನು ಕೇಳಿದರೆ ಮೇಸ್ತ್ರಿಯ ಉತ್ತರ: ‘ಮಾಡ್ತಾ ಮಾಡ್ತಾ ಬರ್ತದೆ.’

ನನ್ನನ್ನು ಯೋಚನೆಗೆ ಹಚ್ಚಿದ್ದು ಆ ಉತ್ತರ. ಮೇಸ್ತ್ರಿಯ ಕೈಯಲ್ಲಿರುವ ವಿದ್ಯೆ ನಿಜವಾದದ್ದು. ಆದರೆ ಅದು ಅಂಕಿಯ ರೂಪಕ್ಕೆ ಬಾರದ ಕಾರಣ ಇನ್ನೊಬ್ಬನಿಗೆ ದಾಟಿಸಲು ಹತ್ತು ವರ್ಷ ಬೇಕು. ನಮ್ಮ ಕಾಲೇಜಿನಲ್ಲಿ ಅಂಕಿಗಳು ಇವೆ. ಅವನ್ನು ಇಳಿಸಿಕೊಳ್ಳಲು ಕೈಗಳು ಇಲ್ಲ. ಅವರಲ್ಲಿ ಇಲ್ಲದ ಫೀಲರ್ ಗೇಜ್‌ನ ಬೆಲೆ ಕೆಲವು ನೂರು ರೂಪಾಯಿ ಮಾತ್ರ. ನಮ್ಮಲ್ಲಿ ಇಲ್ಲದ ಗುಜರಿ ಗೇರ್‌ಬಾಕ್ಸ್‌ನ ಬೆಲೆ ಒಂದು ಕಾಲೇಜು ಫೆಸ್ಟ್‌ನ ಬ್ಯಾನರ್ ಖರ್ಚಿಗಿಂತ ಬಹಳ ಹೆಚ್ಚೇನೂ ಆಗದು. ಇಬ್ಬರ ನಡುವೆ ಅಡ್ಡ ನಿಂತಿರುವುದು ಹಣವಲ್ಲ, ‘ನೀನು ಅಲ್ಲಿಯವನು, ನಾನು ಇಲ್ಲಿಯವನು’ ಎಂಬ ಗೋಡೆ.

ಬಿಲ್‌ನಲ್ಲಿ ಇಲ್ಲದ ಸಾಲು

ಕೆಲಸ ಮುಗಿದಾಗ ಬಿಡಿಭಾಗ, ಆಯಿಲ್, ಸೀಲ್, ಕೂಲಿ ಎಲ್ಲ ಸೇರಿ 22 ಸಾವಿರದೊಳಗೆ ಆಯಿತು. ಅದರಲ್ಲಿ ಕೂಲಿ 6 ಸಾವಿರ. ಬಿಲ್ ಎಂದು ಕೊಟ್ಟ ಚೀಟಿಯಲ್ಲಿ ಪ್ರತಿ ಬೇರಿಂಗ್, ಪ್ರತಿ ಸರ್ಕ್ಲಿಪ್ ಬರೆದಿತ್ತು. ರೋಗ ಏನೆಂದು ಕಂಡುಹಿಡಿದದ್ದಕ್ಕೆ ಮಾತ್ರ ಒಂದು ಸಾಲೂ ಇರಲಿಲ್ಲ. ಡಾಕ್ಟರ್ ನಾಡಿ ಹಿಡಿದರೆ ಫೀಸ್ ಕೊಡುತ್ತೇವೆ. ಕನ್ಸಲ್ಟೆಂಟ್ ಎಂಬ ಹೆಸರಿನ ಎಂಜಿನಿಯರ್ ವರದಿ ಬರೆದರೆ ಲಕ್ಷಗಳಲ್ಲಿ ಕೊಡುತ್ತಾರೆ. ಎರಡು ಗಂಟೆ ಕಿವಿಗೊಟ್ಟು, ಇಡೀ ಗೇರ್‌ಬಾಕ್ಸ್ ಬದಲಿಸುವುದನ್ನು ತಪ್ಪಿಸಿದ ಮನುಷ್ಯನಿಗೆ ಅದಕ್ಕೆ ಬೆಲೆ ಕೇಳಬಹುದು ಎಂಬುದೇ ಹೊಳೆದಿಲ್ಲ. ಕೇಳಿದ್ದರೆ ನಾವು ಕೊಡುತ್ತಿದ್ದೆವೇ ಎಂಬುದೂ ಅನುಮಾನ. ಗ್ಯಾರೇಜ್ ಕೆಲಸಕ್ಕೆ ಓದು ಬೇಕಿಲ್ಲ ಎಂದು ನಗುವ ಸಮಾಜ ಕೈಗೆ ಕೂಲಿ ಕೊಡುತ್ತದೆ, ತಲೆಗೆ ಕೊಡುವುದಿಲ್ಲ.

ಪ್ರಮಾಣಪತ್ರದ ವಿಷಯವೂ ಇದೆ. ನಮ್ಮಲ್ಲಿ ಹಲವರು ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ, ವಿಡಿಯೊ ಓಡಿಸಿಟ್ಟು ಇಂಟರ್ನ್‌ಶಿಪ್ ಪ್ರಮಾಣಪತ್ರ ಪಡೆಯುತ್ತಾರೆ. ನಾಲ್ಕು ವರ್ಷ ಗ್ರೀಸ್‌ನಲ್ಲಿ ಮುಳುಗಿದ ಆ ಹುಡುಗನ ಬಳಿ ಒಂದು ಕಾಗದವೂ ಇಲ್ಲ. ಹಾಗಾಗಿ ದೊಡ್ಡ ಸರ್ವೀಸ್ ಸೆಂಟರ್‌ಗಳ ಬಾಗಿಲು ಅವನಿಗೆ ತೆರೆಯುವುದಿಲ್ಲ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ಈಗಾಗಲೇ ಕೆಲಸ ಕಲಿತವರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಇದೆ. ಅವನಿಗೆ ಅದರ ಹೆಸರೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಅವನು ಕೇಳಿದ ಮೊದಲ ಪ್ರಶ್ನೆ, ‘ಎಷ್ಟು ದಿನ ಕೂಲಿ ಹೋಗ್ತದೆ?’

ಎದುರು ಬರುವ ಪ್ರಶ್ನೆಗಳು

ಗೆಳೆಯರು ಕೇಳುವ ಮೊದಲ ಪ್ರಶ್ನೆ: ಎಲ್ಲ ಎಲೆಕ್ಟ್ರಿಕ್ ಆಗುತ್ತಿರುವಾಗ ಗೇರ್‌ಬಾಕ್ಸ್ ಕಲಿತು ಏನು ಪ್ರಯೋಜನ? ನ್ಯಾಯವಾದ ಪ್ರಶ್ನೆ. ಬಹುತೇಕ ಎಲೆಕ್ಟ್ರಿಕ್ ವಾಹನಗಳಲ್ಲಿ ಬದಲಿಸುವ ಗೇರ್‌ಗಳೇ ಇಲ್ಲ. ಆದರೆ ಮೋಟಾರ್‌ನ ವೇಗ ಇಳಿಸಲು ಅಲ್ಲೂ ಗೇರ್ ಜೋಡಿ ಇದೆ, ಬೇರಿಂಗ್ ಇದೆ, ಆಯಿಲ್ ಸೀಲ್ ಇದೆ. ಅಲ್ಲೂ ಸದ್ದು ಬರುತ್ತದೆ, ಅಲ್ಲೂ ಕಾರಣ ಹುಡುಕಬೇಕು. ನಾನು ಕಲಿತದ್ದು ಒಂದು ಗಾಡಿಯ ಎರಡನೇ ಗೇರ್ ಬಗ್ಗೆ ಮಾತ್ರವಲ್ಲ. ಲಕ್ಷಣದಿಂದ ಕಾರಣಕ್ಕೆ ಹೋಗುವುದು, ಅಳತೆಯಿಂದ ಖಚಿತ ಮಾಡಿಕೊಳ್ಳುವುದು, ಯಾವುದನ್ನು ಉಳಿಸಬಹುದು, ಯಾವುದನ್ನು ಬಿಸಾಡಲೇಬೇಕು ಎಂದು ನಿರ್ಧರಿಸುವುದು. ಅದಕ್ಕೆ ಬ್ಯಾಟರಿ, ಡೀಸೆಲ್ ಎಂಬ ಭೇದವಿಲ್ಲ. ಮೇಲಾಗಿ, ಮ್ಯಾನುಯಲ್ ಗೇರ್‌ಬಾಕ್ಸ್ ನಮಗೆ ದೂರದ ವಸ್ತುವೂ ಅಲ್ಲ. ಜಗತ್ತಿನ ಹಲವೆಡೆ ಓಡುವ ಟೊಯೊಟಾ ಪಿಕಪ್‌ಗಳ ಕುಟುಂಬಕ್ಕೆ ಬೇಕಾದ ಗೇರ್‌ಬಾಕ್ಸ್‌ಗಳನ್ನು ನಮ್ಮ ಬಿಡದಿಯ ಕಾರ್ಖಾನೆ 2004ರಿಂದ ತಯಾರಿಸಿ ರಫ್ತು ಮಾಡುತ್ತಾ ಬಂದಿದೆ.

ಎರಡನೆಯದು: ಹಳೆಯ ಗಾಡಿಗಳು ಹೊಗೆ ಉಗುಳುತ್ತವೆ, ಅವು ಹೋಗುವುದೇ ಒಳ್ಳೆಯದಲ್ಲವೇ? ಬಿಎಸ್–6 ನಿಯಮ ಜಾರಿಯಾದದ್ದು 2020ರ ಏಪ್ರಿಲ್‌ನಲ್ಲಿ. ಅದಕ್ಕಿಂತ ಬಹಳ ಹಿಂದಿನ ಡೀಸೆಲ್ ಗಾಡಿ ಹೊಸದರಷ್ಟು ಸ್ವಚ್ಛವಲ್ಲ, ಒಪ್ಪುತ್ತೇನೆ. ಎಂಟು ವರ್ಷ ದಾಟಿದ ಸರಕು ವಾಹನಗಳು ಪ್ರತಿ ವರ್ಷ ಫಿಟ್‌ನೆಸ್ ಪ್ರಮಾಣಪತ್ರ ನವೀಕರಿಸಬೇಕು ಎಂಬ ನಿಯಮ ಸರಿಯಾಗಿಯೇ ಇದೆ. ಅದನ್ನು ಪಾಸಾಗದ ಗಾಡಿ ರಸ್ತೆಯಲ್ಲಿ ಇರಬಾರದು. ಆದರೆ ಪಾಸಾಗುವ ಗಾಡಿಯನ್ನು ಒಂದು ಹಿತ್ತಾಳೆ ಉಂಗುರಕ್ಕಾಗಿ ಗುಜರಿಗೆ ಹಾಕುವುದು ಪರಿಸರಪ್ರೇಮವಲ್ಲ. ಹೊಸ ಗಾಡಿಯ ಕಂತು ಕಟ್ಟಲಾಗದ ಕುಟುಂಬಕ್ಕೆ ಅದು ಅನ್ನದ ಪ್ರಶ್ನೆ.

ಮೂರನೆಯದು ನಮ್ಮೆಲ್ಲರ ಪ್ರಶ್ನೆ: ಇದರಿಂದ ಕೆಲಸ ಸಿಗುತ್ತದೆಯೇ? ಸಿಕ್ಕೇ ಸಿಗುತ್ತದೆ ಎಂದು ಹೇಳಲಾರೆ. ನಮ್ಮ ಬ್ಯಾಚಿನ ಬಹುಪಾಲು ಮಂದಿ ಸಾಫ್ಟ್‌ವೇರ್ ಕೋರ್ಸ್‌ಗಳ ಹಿಂದೆ ಇದ್ದಾರೆ, ಮನೆಯ ಸಾಲ ನೆನೆದರೆ ಅವರನ್ನು ದೂರಲೂ ಆಗದು. ಆದರೆ ಸಂದರ್ಶನದಲ್ಲಿ ‘ನಿಮ್ಮ ಪ್ರಾಜೆಕ್ಟ್ ಏನು?’ ಎಂದು ಕೇಳಿದಾಗ ಕೊಂಡು ತಂದ ಮಾದರಿಯ ಬಗ್ಗೆ ಬಾಯಿಪಾಠ ಒಪ್ಪಿಸುವುದಕ್ಕೂ, ಒಂದು ದೋಷವನ್ನು ಹೇಗೆ ಕಂಡುಹಿಡಿದೆವು ಎಂದು ಹಂತ ಹಂತವಾಗಿ ಹೇಳುವುದಕ್ಕೂ ವ್ಯತ್ಯಾಸ ಇದೆ. ಎರಡನೆಯದನ್ನು ಎಷ್ಟೇ ಕೆದಕಿ ಕೇಳಿದರೂ ನಮ್ಮ ಉತ್ತರ ಖಾಲಿಯಾಗುವುದಿಲ್ಲ.

ಏನು ಮಾಡಬಹುದು?

ದೊಡ್ಡ ಸುಧಾರಣೆಗಳಿಗೆ ಕಾಯಬೇಕಿಲ್ಲ. ಪ್ರತಿ ಮೆಕ್ಯಾನಿಕಲ್ ವಿಭಾಗ ಗುಜರಿಯಿಂದ ನಾಲ್ಕೈದು ಗೇರ್‌ಬಾಕ್ಸ್ ತರಲಿ. ನಾಲ್ಕು ವಿದ್ಯಾರ್ಥಿಗಳಿಗೆ ಒಂದು. ಸೆಮಿಸ್ಟರ್‌ನಲ್ಲಿ ಒಮ್ಮೆ ಪೂರ್ತಿ ಬಿಚ್ಚಿ, ಅಳೆದು, ಮತ್ತೆ ಜೋಡಿಸಲಿ. ಪರೀಕ್ಷೆಯ ದಿನ ಉಪನ್ಯಾಸಕರು ಒಂದರಲ್ಲಿ ಸವೆದ ಉಂಗುರ, ಇನ್ನೊಂದರಲ್ಲಿ ಸಡಿಲ ಬೇರಿಂಗ್ ಬಚ್ಚಿಟ್ಟು ‘ಹುಡುಕಿ’ ಎನ್ನಲಿ. ಹಳೆಯ ರೆಕಾರ್ಡ್‌ನಿಂದ ನಕಲು ಮಾಡಲಾಗದ ಪರೀಕ್ಷೆ ಅದು.

ಕಲಿಸಲು ಮೇಸ್ತ್ರಿಗಳನ್ನೇ ಕರೆಯಲಿ, ಗೌರವಧನ ಕೊಡಲಿ. ಉದ್ಯಮದ ಅನುಭವಿಗಳನ್ನು ಔಪಚಾರಿಕ ಪದವಿಯ ಷರತ್ತಿಲ್ಲದೆಯೂ ತರಗತಿಗೆ ತರಲು ಯುಜಿಸಿ 2022ರಲ್ಲಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ದಾರಿ ತೆರೆದಿದೆ. ಅದು ದೊಡ್ಡ ಹುದ್ದೆಗಳಲ್ಲಿ ಇದ್ದವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು, ನಿಜ. ಆದರೆ ಆ ಆಲೋಚನೆಯನ್ನು ಇನ್ನೂ ಎರಡು ಮೆಟ್ಟಿಲು ಕೆಳಗಿಳಿಸಿದರೆ ರಸ್ತೆ ಬದಿಯ ಗ್ಯಾರೇಜ್ ಸಿಗುತ್ತದೆ. ಅದಕ್ಕೆ ಬದಲಾಗಿ ನಾವು ಅಲ್ಲಿಗೆ ಅಳತೆ ಒಯ್ಯೋಣ. ಟಾರ್ಕ್ ಎಷ್ಟಿರಬೇಕು, ಸಂದು ಎಷ್ಟಿರಬೇಕು ಎಂಬ ಪಟ್ಟಿಗಳನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸುವುದು ಒಂದು ಒಳ್ಳೆಯ ಮಿನಿ ಪ್ರಾಜೆಕ್ಟ್ ಆಗಬಲ್ಲದು.

ಸರ್ಕಾರದ ಪಾತ್ರವೂ ಇದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿತು, ಡಿಸೆಂಬರ್‌ನಲ್ಲಿ ಪೋರ್ಟಲ್ ಆರಂಭಿಸಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತುಗಳ ಜೊತೆ ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ನಾನು ಕಂಡ ಗ್ಯಾರೇಜ್‌ನಲ್ಲಿ ಸರ್ವೀಸ್ ಮ್ಯಾನುಯಲ್ ಎಂದರೆ ಮೇಸ್ತ್ರಿಯ ಎಣ್ಣೆ ಹತ್ತಿದ ನೋಟ್‌ಬುಕ್. ಮ್ಯಾನುಯಲ್‌ಗಳು ಎಲ್ಲರಿಗೂ, ನಮ್ಮ ಭಾಷೆಯಲ್ಲಿ ಸಿಗುವವರೆಗೆ ಆ ಹಕ್ಕು ಅರ್ಧದಷ್ಟೇ.

ಕೊನೆಯದಾಗಿ ನಮ್ಮ ಮಾತು. ಮುಂದಿನ ರಜೆಯಲ್ಲಿ ಹತ್ತು ದಿನ ನಿಮ್ಮೂರಿನ ಯಾವುದಾದರೂ ಗ್ಯಾರೇಜ್, ವೆಲ್ಡಿಂಗ್ ಶಾಪ್, ಪಂಪ್‌ಸೆಟ್ ರಿವೈಂಡಿಂಗ್ ಅಂಗಡಿಗೆ ಹೋಗಿ ನೋಡಿ. ಹೋಗುವಾಗ ಒಂದು ನೋಟ್‌ಬುಕ್, ಒಂದು ವರ್ನಿಯರ್ ಕ್ಯಾಲಿಪರ್, ಸಾಧ್ಯವಾದರೆ ಅಲ್ಲಿನ ಹುಡುಗನಿಗೊಂದು ಸುರಕ್ಷತಾ ಕನ್ನಡಕ ತೆಗೆದುಕೊಂಡು ಹೋಗಿ. ಮೊದಲ ಎರಡು ದಿನ ಚಹಾ ತರಲು ಕಳಿಸುತ್ತಾರೆ, ಬೇಸರಿಸಬೇಡಿ. ಮೂರನೇ ದಿನ ಏನಾದರೊಂದನ್ನು ಬಿಚ್ಚಲು ಕೊಡುತ್ತಾರೆ. ಬಿಚ್ಚಿದ್ದನ್ನು ಕ್ರಮವಾಗಿ ಇಡಿ. ಸವೆದದ್ದು ಕಂಡರೆ ಬದಲಿಸುವ ಮೊದಲು ಅದು ಏಕೆ ಸವೆಯಿತು ಎಂದು ಕೇಳಿ. ಆ ಪ್ರಶ್ನೆಗೆ ಮೇಸ್ತ್ರಿ ಹೇಳುವ ಉತ್ತರವನ್ನು ಬರೆದಿಟ್ಟುಕೊಳ್ಳಿ. ನಿಮ್ಮ ಪಠ್ಯಪುಸ್ತಕದಲ್ಲಿ ಅದು ಯಾವ ಅಧ್ಯಾಯದಲ್ಲಿದೆ ಎಂದು ಆಮೇಲೆ ಹುಡುಕಿದರಾಯಿತು.